ರಬ್ಬರಿನ ಹಸು

“ಕೈ ತೊಳೆದಿರಿ, ಅದನ್ನ ಯಾರೂ ಇಲ್ಲ ಅಂತಿಲ್ಲ,” ಎಂದಳು ಗಾಜಿನ ಕಿಟಕಿಯ ಆಚೆಗಿದ್ದ ಗುಮಾಸ್ತೆ. “ಆದ್ರೆ ತೊಳೀತಿದ್ದೀನಿ ಅಂತ ಬಾಯಿಬಿಟ್ಟು ಹೇಳ್ಲಿಲ್ಲ.”

“ಪರೀಕ್ಷಕರು ಎದುರಿಗೇ ನಿಂತು ನೋಡ್ತಿದ್ರಲ್ಲ!”

“ನೋಡಿದ್ದಕ್ಕೆ ಅಂಕ ಇಲ್ಲ. ಹೇಳಿದ್ದಕ್ಕೆ ಎರಡು.”

ಆ ಎರಡೇ ಅಂಕದಲ್ಲಿ ಪಶುವೈದ್ಯೆ ನಪಾಸಾಗಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಅವಳ ಮುಂದಿಟ್ಟದ್ದು ಒಂದು ರಬ್ಬರಿನ ಹಸು, ಅದರ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡ ರಬ್ಬರಿನ ಕರು. ಹತ್ತು ನಿಮಿಷದ ಕೆಲಸವನ್ನು ನಾಲ್ಕೇ ನಿಮಿಷದಲ್ಲಿ ಮುಗಿಸಿ ಕರುವನ್ನು ಮೇಜಿನ ಮೇಲೆ ಮಲಗಿಸಿದ್ದಳು. ತನ್ನ ದೇಶದಲ್ಲಿ ಹನ್ನೆರಡು ವರ್ಷ ಹಟ್ಟಿ ಹಟ್ಟಿ ತಿರುಗಿ ಹಸುಗಳ ಹೆರಿಗೆ ಮಾಡಿಸಿದವಳಿಗೆ ಆಟಿಕೆಯ ಮುಂದೆ ಮಾತಾಡಬೇಕೆಂದು ಹೊಳೆದಿರಲಿಲ್ಲ.

ಗಂಡನ ಕೆಲಸದ ಬೆನ್ನಿಗೆ ಈ ದೇಶಕ್ಕೆ ಬಂದು ಐದು ವರ್ಷವಾಗಿತ್ತು. ಮೊದಲ ಹದಿನಾಲ್ಕು ತಿಂಗಳು ಕಾಗದಪತ್ರಕ್ಕೇ ಹೋದವು. ಅವಳು ಓದಿದ ಕಾಲೇಜು ನಡುವೆ ಹೆಸರು ಬದಲಿಸಿಕೊಂಡಿತ್ತು. ಹಳೆಯದೂ ಹೊಸದೂ ಒಂದೇ ಎಂದು ಅಲ್ಲಿಂದಲೇ ಮೊಹರು ಹಾಕಿದ ಲಕೋಟೆ ಬರಬೇಕಿತ್ತು. “ಅಳಿಯ ಅಲ್ಲ, ಮಗಳ ಗಂಡ ಅಂತ ರುಜುವಾತು ಮಾಡೋಕೆ ಇಷ್ಟು ದಿನಾನಾ?” ಎಂದು ಗಂಡ ನಕ್ಕಿದ್ದ. ಅವಳೂ ನಕ್ಕಿದ್ದಳು. ಆಗಿನ್ನೂ ನಗು ಬರುತ್ತಿತ್ತು.

ಹೊಟ್ಟೆಪಾಡಿಗಲ್ಲದಿದ್ದರೂ ಕೈ ಮರೆಯಬಾರದೆಂದು ನಾಯಿ-ಬೆಕ್ಕುಗಳ ಆಸ್ಪತ್ರೆಯೊಂದರಲ್ಲಿ ಸಹಾಯಕಿಯಾಗಿ ಸೇರಿದ್ದಳು. ಹಿಡಿಯಬಹುದು, ಚುಚ್ಚಬಾರದು, ಅದು ಅಲ್ಲಿಯ ಕಾನೂನು. ನಿನ್ನೆ ಮೊನ್ನೆ ಓದು ಮುಗಿಸಿದ ಡಾಕ್ಟರು ಬೆಕ್ಕಿನ ಮುಂಗಾಲಲ್ಲಿ ನರ ಸಿಗದೆ ಎರಡು ಸಲ ಚುಚ್ಚಿ ಬೆವರುವಾಗ, ಇವಳು ಹೆಬ್ಬೆರಳಿನಿಂದ ಕಾಲನ್ನು ಒಂಚೂರು ತಿರುಗಿಸುವಳು. ನರ ತಾನಾಗಿ ಸೂಜಿಯ ಕೆಳಗೆ ಬರುವುದು. “ನಿಮ್ಮ ಕೈಗುಣ ಬಹಳ ಒಳ್ಳೇದು ಡಾಕ್ಟ್ರೇ,” ಎಂದು ಬೆಕ್ಕಿನ ಒಡತಿ ಹೊಗಳಿದರೆ ಆ ಡಾಕ್ಟರು ಇವಳ ಮುಖ ನೋಡಲಾರದೆ ಕಾಗದದಲ್ಲಿ ಏನೋ ಗೀಚುವನು.

“ಮುಂದಿನ ಪರೀಕ್ಷೆ ಯಾವಾಗ?” ಎಂದು ಗುಮಾಸ್ತೆಯನ್ನು ಕೇಳಿದಳು.

“ಸೆಪ್ಟೆಂಬರಿಗೆ. ಆದ್ರೆ ನೀವು ಪಾಸಾಗಿರೋ ಲಿಖಿತ ಪರೀಕ್ಷೆ ಇದೆಯಲ್ಲ, ಅದರ ಅವಧಿ ಜೂನಿಗೇ ಮುಗಿಯತ್ತೆ. ಅದನ್ನೂ ಮತ್ತೆ ಬರೀಬೇಕಾಗತ್ತೆ.” ಗುಮಾಸ್ತೆ ಗಾಜಿನ ಕೆಳಗಿಂದ ಹೊಸ ಅರ್ಜಿ ತೂರಿಸಿದಳು. “ಬೇಜಾರು ಮಾಡ್ಕೋಬೇಡಿ. ನಾನು ಮಾಡಿದ ನಿಯಮ ಅಲ್ಲ.”

“ನಿಮ್ಮ ಅರ್ಜಿ ನೀವೇ ಇಟ್ಕೊಳ್ಳಿ. ನನಗೆ ಸಾಕಾಯ್ತು,” ಎಂದು ಅದನ್ನು ಹಿಂದಕ್ಕೆ ತಳ್ಳಿ ಹೊರಗೆ ಬಂದಳು.

ಎದುರಿನ ಬಸ್ ನಿಲ್ದಾಣದಲ್ಲಿ ನಿಂತಾಗ ಫೋನು ಹೊಡೆದುಕೊಂಡಿತು. ತನ್ನ ದೇಶದಲ್ಲಿ ಅವಳಿದ್ದ ಹಳೆಯ ಪಶು ಆಸ್ಪತ್ರೆಯ ಕಾಂಪೌಂಡರು. ಮಾತಿನ ಹಿಂದೆ ಹಸುವಿನ ನರಳಾಟ ಕೇಳುತ್ತಿತ್ತು.

“ಡಾಕ್ಟ್ರಮ್ಮ, ಮುಂಗಾಲೆರಡೂ ಹೊರಗೆ ಬಂದಿವೆ, ತಲೆ ಮಾತ್ರ ಸಿಗ್ತಿಲ್ಲ. ಹೊಸ ಡಾಕ್ಟ್ರು ರಜದಲ್ಲಿದ್ದಾರೆ. ಎಲ್ರೂ ಕಾಲು ಎಳೀರಿ ಅಂತಿದ್ದಾರೆ.”

“ಯಾರೂ ಮುಟ್ಟಕೂಡದು! ತಲೆ ಹಿಂದಕ್ಕೆ ಮಡಚ್ಕೊಂಡಿದೆ. ಕೈ ತೊಳ್ಕೊಂಡ್ಯಾ? ತೋಳಿಗೆ ಸೋಪಿನ ನೀರು ಹಚ್ಚು. ಹಸು ತಿಣುಕೋದು ನಿಲ್ಲಿಸಿದಾಗ ಕರು ಎದೆ ಹಿಡಿದು ಒಳಕ್ಕೆ ತಳ್ಳು. ಮೆಲ್ಲಗೆ. ಈಗ ಕುತ್ತಿಗೆಗುಂಟ ಹೋಗು. ಏನು ಸಿಕ್ತು?”

“ಕಿವಿ.”

“ಇನ್ನೂ ಮುಂದೆ. ಮೂತಿ ಸಿಕ್ರೆ ಅಂಗೈಲಿ ಮುಚ್ಚಿ ತಿರುಗಿಸು. ಹಲ್ಲು ತಾಗಿದ್ರೆ ಗರ್ಭಕೋಶ ಹರಿಯತ್ತೆ.”

ಯಾವಾಗ ಕೋಟಿನ ತೋಳನ್ನು ಭುಜದವರೆಗೆ ಏರಿಸಿಕೊಂಡಳೋ ಅವಳಿಗೇ ತಿಳಿಯಲಿಲ್ಲ. ಬಲಗೈ ಗಾಳಿಯಲ್ಲಿ ಉದ್ದಕ್ಕೆ ಚಾಚಿ, ಅಂಗೈ ಬಟ್ಟಲಾಗಿ ನಿಧಾನಕ್ಕೆ ತಿರುಗುತ್ತಿತ್ತು. ಪಕ್ಕದಲ್ಲಿದ್ದ ಮುದುಕಿ ಎರಡು ಹೆಜ್ಜೆ ಹಿಂದೆ ಸರಿದಳು.

ಅತ್ತ ಕಡೆ ಬಹಳ ಹೊತ್ತು ಬರೀ ಏದುಸಿರು. ಆಮೇಲೆ ಒಮ್ಮೆಲೇ ಗದ್ದಲ.

“ಬಂತು ಡಾಕ್ಟ್ರಮ್ಮ! ಉಸಿರಾಡ್ತಿದೆ! ಹೆಣ್ಗರು! ನೀವಿದ್ದಿದ್ರೆ ಎರಡು ನಿಮಿಷದ ಕೆಲಸ ಬಿಡಿ. ಅಲ್ಲಿ ದಿನಕ್ಕೆ ಎಷ್ಟು ಹಸು ನೋಡ್ತೀರಿ?”

“ಕಸ-ಮಾಸು ಪೂರ್ತಿ ಬಿತ್ತಾ ನೋಡ್ಕೋ,” ಎಂದು ಫೋನಿಟ್ಟಳು.

ಮುಂದೆ ಬಸ್ಸು ನಿಂತಿತ್ತು. ಚಾಚಿದ ಕೈ ಕಂಡು ನಿಲ್ಲಿಸಿದ್ದ ಚಾಲಕ ಬಾಗಿಲು ತೆರೆದು ಕಾಯುತ್ತಿದ್ದ. “ಹತ್ತುತ್ತೀರೋ ಇಲ್ವೋ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಬಸ್ಸು ಹೊರಟಿತು. ರಸ್ತೆಯಾಚೆ ಕಾವಲುಗಾರ ಕಚೇರಿಯ ಶಟರು ಇಳಿಸುತ್ತಿದ್ದ. ಅವಳು ಓಡಿದಳು, ಅವನು ಏನೋ ಅನ್ನುವಷ್ಟರಲ್ಲಿ ಅರ್ಧ ಇಳಿದ ಶಟರಿನ ಕೆಳಗೆ ಬಗ್ಗಿ ಒಳಹೊಕ್ಕಳು. ಬಲತೋಳು ಇನ್ನೂ ಭುಜದವರೆಗೆ ಬರಿದಾಗಿಯೇ ಇತ್ತು, ಚಳಿಗೆ ನವಿರೆದ್ದು.