ಸಿಂಹದ ಮೇಜಿನ ಕುರ್ಚಿ

ಆ ಆಟಿಕೆ ಕಾರ್ಖಾನೆಯಲ್ಲಿ ಸಿಂಹ ಜೋಡಿಸುವವರಿಗೆ ಕುರ್ಚಿ, ಆಮೆ ಜೋಡಿಸುವವರಿಗೆ ನಿಲ್ಲಲು ಬರೀ ನೆಲ. ಸಿಂಹವನ್ನು ತಿರುಚಿ ನಿಲ್ಲಿಸಿದರೆ ರೋಬೋಟಿನ ಮೈ. ಆಮೆಯನ್ನು ಮಡಚಿದರೆ ಅದರ ಎಡಪಾದ. ಹದ್ದು, ಗೂಳಿ, ಮೊಸಳೆ ಮಿಕ್ಕ ಅಂಗಗಳು. ಎಲ್ಲ ಸೇರಿದರೆ ಡಬ್ಬಿಯ ಮೇಲಿನ ವೀರ.

ಕುರ್ಚಿಗೇನು ಬರವಿರಲಿಲ್ಲ. ಮಾಲೀಕರ ಕೋಣೆಯ ಹೊರಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದವು. ನಿಂತವರ ಕೈ ಚುರುಕಂತೆ. ಹಾಗೆ ಹೇಳಿದವರು ಕೂತೇ ಹೇಳಿದ್ದರು.

ಹಿರಿಸೊಸೆ ಆಮೆಯ ಮೇಜಿನಲ್ಲೇ ಸವೆದವಳು. ಮನೆಯ ಕಿರಿಸೊಸೆಯಾದ ಓರಗಿತ್ತಿಯನ್ನು ಕೈಹಿಡಿದು ಕೆಲಸಕ್ಕೆ ಸೇರಿಸಿದವಳೂ ಅವಳೇ. ಬಂದವಳು ನೇರ ಸಿಂಹದ ಕುರ್ಚಿಯಲ್ಲಿ ಕೂತುಬಿಟ್ಟಳು!

"ಬೆರಳು ಸಣ್ಣ, ಸ್ಪ್ರಿಂಗ್ ಕೂರಿಸೋಕೆ ಸರಿಹೋಗುತ್ತೆ" ಅಂದಿದ್ದ ಸೂಪರ್‌ವೈಸರ್.

ಸಂಜೆ ಮನೆಗೆ ಬಂದರೆ ಹಿರಿಯಳ ಕಾಲು ಬಾತು ಚಪ್ಪಲಿ ಬಿಚ್ಚಲು ಬಾರದು. ಕಿರಿಯಳು ಹಾಡು ಗುನುಗುತ್ತ ಪಾತ್ರೆ ತೊಳೆಯುವಳು. ಆ ಗುನುಗು ಹಿರಿಯಳ ಹೊಟ್ಟೆಯಲ್ಲಿ ಕೆಂಡ ಸುರಿಯುತ್ತಿತ್ತು.

"ಅಕ್ಕಾ, ಕೂತು ಕೂತು ಸೊಂಟ ನೋಯುತ್ತೆ ಕಣೇ."

"ಅಯ್ಯೋ ಪಾಪ, ರಾಣಿಯಮ್ಮ. ಪಲ್ಲಕ್ಕಿ ತರಿಸ್ಲಾ?"

ಆಮೆಯ ಬೆನ್ನಿನ ತೂತಿಗೆ ಸಿಂಹದ ಕಾಲಿನ ಗೂಟ ಕೂರಬೇಕು. ಅಚ್ಚಿನಿಂದ ಬಂದ ತೂತಿನ ಅಂಚನ್ನು ಚಾಕುವಿನಿಂದ ಕೆರೆದು ನಯ ಮಾಡುವುದು ಹಿರಿಯಳ ಕೆಲಸ. ಅಂದು ಬೆಳಿಗ್ಗೆ ಒಂದು ತಟ್ಟೆ ಆಮೆಗಳನ್ನು ಅವಳು ಕೆರೆಯಲೇ ಇಲ್ಲ.

ಪರೀಕ್ಷೆಯ ಮೇಜಿನಲ್ಲಿ ಸೂಪರ್‌ವೈಸರ್ ಆ ಒರಟು ತೂತಿಗೆ ಸಿಂಹವನ್ನು ಬಿಗಿಯಾಗಿ ಒತ್ತಿದ. ಟಕ್! ಸಿಂಹದ ಗೂಟ ಮುರಿಯಿತು. ಇನ್ನೊಂದು ಒತ್ತಿದ, ಅದೂ ಮುರಿಯಿತು. ಆ ಕಾರ್ಖಾನೆಯ ನ್ಯಾಯ ಇಷ್ಟೇ: ಯಾವ ಪ್ರಾಣಿ ಮುರಿಯಿತೋ ಅದರ ಮೇಜಿನದೇ ತಪ್ಪು. ಮುರಿದದ್ದನ್ನು ಮುರಿದದ್ದು ಯಾವುದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

"ಏಳಮ್ಮ ಮೇಲೆ. ನೀನು ಆಮೆಗೆ ಹೋಗು. ದೊಡ್ಡಮ್ಮ, ನೀವು ಬನ್ನಿ ಇಲ್ಲಿ."

ಹಿರಿಯಳು ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಹಾಯೆನಿಸಬೇಕಿತ್ತು, ಅನ್ನಿಸಲಿಲ್ಲ. ಯಾಕೆಂದರೆ ಎದುರಿಗೆ ನಿಂತ ಕಿರಿಯಳು ಅಂಚು ಕೆರೆಯುತ್ತಿದ್ದ ಚೆಂದ ಕಂಡು ಮತ್ತೆ ಹೊಟ್ಟೆ ಉರಿಯಿತು.

"ಆಮೆಗೆ ಈಗ ಒಳ್ಳೇ ಕೈ ಬಂತು ನೋಡಿ!" ಅಂದ ಸೂಪರ್‌ವೈಸರ್. ಇಷ್ಟು ವರ್ಷ ಹಿರಿಯಳ ಕೈಗೆ ಸಿಗದ ಮಾತು.

ಊಟದ ಬಿಡುವಿನಲ್ಲಿ ಕಿರಿಯಳು ಕೆರೆಯದ ಒಂದು ಆಮೆಯನ್ನು ತಂದು ಅವಳ ಮುಂದಿಟ್ಟಳು.

"ಇದು ನಿನ್ನ ತಟ್ಟೇದು ಅಲ್ವೇನಕ್ಕಾ?"

ಹಿರಿಯಳು ಆಮೆಯನ್ನು ಪಕ್ಕಕ್ಕೆ ತಳ್ಳಿದಳು. "ಹೌದು ಕಣೇ. ಈಗೇನು, ಹೋಗಿ ಹೇಳ್ತೀಯಾ?"

"ಕಾಲು ಬಾತಿದೆ ಅಂತ ಒಂದು ಮಾತು ಅಂದಿದ್ರೆ, ಮಧ್ಯಾಹ್ನದ ಮೇಲೆ ಕುರ್ಚಿ ಬಿಡ್ತಿದ್ದೆನಲ್ಲೇ. ಬೆಳಿಗ್ಗೆ ನಾನು, ಆಮೇಲೆ ನೀನು."

ಬೈದಿದ್ದರೆ ಹಿರಿಯಳು ತಡೆದುಕೊಳ್ಳುತ್ತಿದ್ದಳು. ಈ ಒಳ್ಳೆಯತನವನ್ನೂ ಇವಳೇ ಹೊಡೆದುಕೊಂಡಳಲ್ಲ ಎಂದು ಹಲ್ಲು ಕಚ್ಚಿದಳು. ಕಿರಿಯಳು ಒಂದು ಕಾಲೆತ್ತಿ, ಇನ್ನೊಂದರ ಮೇಲೆ ಭಾರ ಹಾಕಿದಳು. ಅರ್ಧ ದಿನವೂ ನಿಲ್ಲದ ಆ ಪಾದ ಆಗಲೇ ಬಾತಿತ್ತು, ಹಿರಿಯಳ ಪಾದದಂತೆಯೇ.

ಹಿರಿಯಳು ಪೇರಿಸಿಟ್ಟ ಕುರ್ಚಿಗಳ ಕಡೆ ನೋಡಿದಳು. ಧೂಳು ಕೂತಿತ್ತು ಅವುಗಳ ಮೇಲೆ. ಧೂಳಿಗೂ ಕುರ್ಚಿಯಿದೆ ಇಲ್ಲಿ! ಎದ್ದು ಹೋಗಿ ಒಂದನ್ನು ಎಳೆದಳು. ಕಿರ್ರೆಂಬ ಸದ್ದಿಗೆ ಎಲ್ಲ ಮೇಜಿನವರೂ ತಿರುಗಿ ನೋಡಿದರು.

"ಯಾರನ್ನ ಕೇಳಿ ತಗೊಂಡ್ರಿ?" ಸೂಪರ್‌ವೈಸರ್ ಓಡಿಬಂದ.

"ನಮ್ಮ ಕಾಲನ್ನ ಕೇಳಿ" ಅಂದಳು ಹಿರಿಯಳು. ಕುರ್ಚಿಯನ್ನು ಆಮೆಯ ಮೇಜಿಗೆ ತಂದು ಹಾಕಿದಳು. "ಕೂತ್ಕೊಳೇ."