ಇಪ್ಪತ್ತೆರಡನೇ ಫಿರಂಗಿ

"ಬಿಡೇ, ಉಜ್ಜಿದ್ದು ಸಾಕು," ಎನ್ನುತ್ತಲೇ ಆಕೆ ನಾದಿನಿಯ ಕೈಯಿಂದ ಒದ್ದೆ ಬಟ್ಟೆ ಕಸಿದುಕೊಂಡಳು.

ನಾದಿನಿ ಹತ್ತು ನಿಮಿಷದಿಂದ ಅಣ್ಣನ ಬಲಗೈ ಹೆಬ್ಬೆರಳು ಹಿಡಿದು ತಿಕ್ಕುತ್ತಿದ್ದಳು. ಉಗುರಿನ ಮೇಲೆ ಹೆಸರುಕಾಳಿನಷ್ಟು ಕೆಂಪು ಬಣ್ಣ ಒಣಗಿ ಕೂತಿತ್ತು. ಸೋಪಿಗೆ ಹೋಗಿರಲಿಲ್ಲ, ಸೀಮೆಎಣ್ಣೆಗೂ ಜಗ್ಗಿರಲಿಲ್ಲ.

"ಅಲ್ಲ ಅತ್ತಿಗೆ, ಊರಿಗೂರೇ ಬಂದು ನೋಡೋ ಹೊತ್ತಿದು. ಹೋಗೋನು ಚೊಕ್ಕಟವಾಗಿ ಹೋಗ್ಬೇಡ್ವಾ?"

"ಆ ಬೆರಳು ಯಾವತ್ತು ಚೊಕ್ಕಟವಾಗಿತ್ತು ಹೇಳು. ಬೆಳ್ಳಗೆ ಮಾಡಿಟ್ರೆ, ಬಂದೋರು ಇದ್ಯಾರ ಕೈ ಅಂತ ಕೇಳ್ತಾರೆ."

ಮುಂದಿನ ಕೋಣೆಯ ಮಂಚದ ಮೇಲೆ, ಎದೆಯವರೆಗೆ ಬಿಳಿ ಹೊದಿಕೆ ಹೊದ್ದು ಮಲಗಿದ್ದವನನ್ನು ಎಲ್ಲರೂ ಹಲ್ಲಣ್ಣ ಎಂದೇ ಕರೆಯುತ್ತಿದ್ದರು. ಅವನು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕೊಟ್ಟರೆ, ದವಾಖಾನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ಮೂವತ್ತೆಂಟು ವರ್ಷ ಅದನ್ನೇ ಮಾಡಿದ. ಆ ಬೀದಿಯ ಮುದುಕ ಮುದುಕಿಯರಲ್ಲಿ ಅರ್ಧಕ್ಕರ್ಧ ಜನ ಅಗಿಯುವುದೂ ಬೈಯುವುದೂ ನಗುವುದೂ ಅವನು ಮಾಡಿಕೊಟ್ಟ ಹಲ್ಲಿನಲ್ಲೇ.

ಮಂಚದಾಚೆ, ಗೋಡೆಗೆ ಒತ್ತಿಟ್ಟ ಮೇಜಿನ ಮೇಲೆ ಹಳೆಯ ಸೊಳ್ಳೆಪರದೆಯ ತುಂಡು ಹೊದ್ದು ಒಂದು ಮರದ ಹಡಗು ನಿಂತಿತ್ತು. ಅದಕ್ಕೆ ಹತ್ತೊಂಬತ್ತು ವರ್ಷ. ಹಗ್ಗ, ಪಟ, ಏಣಿ ಎಲ್ಲ ಯಾವಾಗಲೋ ಮುಗಿದಿದ್ದವು. ಉಳಿದಿದ್ದು ಫಿರಂಗಿಗಳು. ಒಂದೊಂದು ಮಗ್ಗುಲಿಗೆ ಹನ್ನೊಂದು, ಒಟ್ಟು ಇಪ್ಪತ್ತೆರಡು. ಪ್ರತಿಯೊಂದಕ್ಕೂ ಹೆಬ್ಬೆರಳಿನ ತುದಿಯಷ್ಟು ಉದ್ದದ, ನಾಲ್ಕು ಗಾಲಿಯ ಕೆಂಪು ಬಂಡಿ. ನಿನ್ನೆ ಬೆಳಗ್ಗೆ ಹಲ್ಲಣ್ಣ ಕೊನೆಯ ಬಂಡಿಯ ಒಂದು ಮಗ್ಗುಲಿಗೆ ಬಣ್ಣ ಬಳಿದು, "ಸ್ವಲ್ಪ ನೀರು ಕೊಡೇ" ಎಂದಿದ್ದ. ಆಕೆ ಲೋಟ ತಂದಾಗ ಕುರ್ಚಿಗೆ ಒರಗಿದ್ದ. ಕುಂಚ ಬೆರಳಲ್ಲೇ ಇತ್ತು.

ಆಕೆ ಒದ್ದೆ ಬಟ್ಟೆಯನ್ನು ಮಡಿಚಿ ಕಿಟಕಿಯ ಮೇಲಿಟ್ಟಳು. ಗಡಿಯಾರ ನೋಡಿದಳು. ಒಂದು ಗಂಟೆ. ಸ್ಮಶಾನಕ್ಕೆ ಒಯ್ಯುವ ಗಾಡಿ ನಾಲ್ಕಕ್ಕೆ ಬರುವುದಿತ್ತು.

"ಮೇಜಿನ ದೀಪ ಹಾಕು," ಎಂದಳು ಮಗಳಿಗೆ.

"ಯಾಕಮ್ಮ?"

"ಒಂದು ಬಂಡಿ ಬಾಕಿ ಇದೆ."

ನಾದಿನಿ ಬಾಯಿ ಬಿಟ್ಟಳು. "ಜನ ಬರ್ತಾ ಇದ್ದಾರೆ ಅತ್ತಿಗೆ! ಅಣ್ಣ ಇಲ್ಲಿ ಮಲಗಿದ್ದಾನೆ, ನೀವು ಆಟದ ಸಾಮಾನು ಮಾಡ್ಕೊಂಡು ಕೂತ್ರೆ ನೋಡಿದೋರು ಏನಂತಾರೆ?"

"ಏನಾದ್ರೂ ಅನ್ಲಿ. 'ಹಡಗು ಮುಗಿದ ದಿನ ನನ್ನ ಹಲ್ಲು ಹಾಕ್ಕೊಂಡಿರೋರ್ನೆಲ್ಲ ಕರೀತೀನಿ, ಎಲ್ಲಾರೂ ನಿಂತು ಬಾಯ್ತುಂಬ ನಗಬೇಕು, ಹಡಗೂ ಪರೀಕ್ಷೆ ಆಗುತ್ತೆ, ಹಲ್ಲೂ ಪರೀಕ್ಷೆ ಆಗುತ್ತೆ' ಅಂತ ಹತ್ತೊಂಬತ್ತು ವರ್ಷದಿಂದ ಹೇಳ್ತಾ ಇದ್ರು ನಿಮ್ಮಣ್ಣ. ಇವತ್ತು ಕರೀದೇನೇ ಎಲ್ಲಾರೂ ಬರ್ತಾ ಇದ್ದಾರೆ. ನಾಳೆ ಯಾರು ಬರ್ತಾರೆ? ನಿಮ್ಮಣ್ಣ ಈ ಮನೇಲಿರೋದೇ ಇನ್ನು ಮೂರು ಗಂಟೆ. ಅಷ್ಟರಲ್ಲಿ ಮುಗೀಬೇಕು."

ಇಷ್ಟು ಹೇಳಿ ಕುರ್ಚಿ ಎಳೆದು ಕೂತೇಬಿಟ್ಟಳು. ಆಕೆಗೆ ಎಪ್ಪತ್ತೊಂದು ವರ್ಷ. ಆದರೆ ಆಕೆಯನ್ನು ಕಾಡುತ್ತಿದ್ದುದು ವಯಸ್ಸಲ್ಲ. ಪರದೆ ತೆಗೆದರೆ ಎಲ್ಲರ ಕಣ್ಣೂ ಹಡಗಿನ ಮೇಲೆ ಬೀಳುತ್ತದೆ. ಬಿದ್ದರೆ ಬಲಮಗ್ಗುಲಿನ ನಾಲ್ಕನೇ ಫಿರಂಗಿಯೂ ಕಾಣುತ್ತದೆ.

*

ಐವತ್ತರ ಆಸುಪಾಸಿನಲ್ಲಿ ಆಕೆಯ ವಸಡು ಕೆಟ್ಟು ಹಲ್ಲುಗಳು ಒಂದೊಂದಾಗಿ ಉದುರಿದವು. ಹಲ್ಲಣ್ಣ ಮೂರು ವಾರ ಕೂತು ಸೆಟ್ಟು ಮಾಡಿದ. ಬೇರೆಯವರಿಗೆ ನಾಲ್ಕು ದಿನ ಸಾಕಾಗುತ್ತಿತ್ತು. ತಂದು ಹಾಕಿಸಿ, ಕನ್ನಡಿ ಕೈಗೆ ಕೊಟ್ಟ.

ಆಕೆ ನೋಡಿದಳು. ಸಿಟ್ಟು ನೆತ್ತಿಗೇರಿತು.

"ಊರೋರಿಗೆಲ್ಲ ಮುತ್ತು ಪೋಣಿಸಿದ ಹಾಗೆ ಮಾಡ್ಕೊಡ್ತೀರಿ. ಕಟ್ಕೊಂಡ ಹೆಂಡ್ತಿಗೆ ಮಾತ್ರ ಸೊಟ್ಟ ಹಲ್ಲಾ?"

"ಎಡಗಡೇದು ಮೊದಲಿಂದಾನೂ ಸೊಟ್ಟಗಿತ್ತಲ್ಲೇ. ಅದನ್ನ ನೆಟ್ಟಗೆ ಮಾಡಿದ್ರೆ, ನಮ್ಮನೇಲಿ ಬೇರೆ ಯಾರೋ ಬಂದು ನಗ್ತಾ ಇದ್ದಾರೆ ಅನ್ಸುತ್ತೆ ನಂಗೆ."

"ಮತ್ತೆ ಬಲಗಡೇದು? ಅದು ನೆಟ್ಟಗೇ ಇತ್ತಲ್ಲ!"

ಹಲ್ಲಣ್ಣ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿ ಹಿಡಿದ. "ಒಂದೇ ಒಂದು ಸೊಟ್ಟಗಿದ್ರೆ ನೋಡೋರ ಕಣ್ಣು ಸೀದಾ ಅಲ್ಲಿಗೇ ಹೋಗುತ್ತೆ. ಎದುರಿನದನ್ನೂ ಅಷ್ಟೇ ವಾಲಿಸಿಬಿಟ್ರೆ ಅದು ತಪ್ಪು ಅಂತ ಯಾರಿಗೂ ಅನ್ಸಲ್ಲ, ಈ ಮುಖಾನೇ ಹೀಗೆ ಅಂದ್ಕೋತಾರೆ. ನಮ್ಮ ಕೆಲಸದಲ್ಲಿ ಮೊದಲನೇ ಪಾಠ ಇದು. ಎಲ್ಲಿ, ಒಂದ್ಸಲ ನಗು ನೋಡೋಣ."

"ನಗಲ್ಲ ಹೋಗ್ರಿ."

ಒಂದು ವಾರ ನಗಲಿಲ್ಲ. ಎಂಟನೇ ದಿನ ಬೆಕ್ಕು ಹಾಲಿನ ಪಾತ್ರೆಯೊಳಗೆ ತಲೆ ಸಿಕ್ಕಿಸಿಕೊಂಡು ಮನೆಯೆಲ್ಲ ಓಡಾಡಿತು. ಆಗ ತಡೆಯಲಾಗಲಿಲ್ಲ.

*

ಬಂಡಿಯ ಕೆಲಸ ಆಕೆಗೆ ತಿಳಿಯದ್ದಲ್ಲ. ಅಡುಗೆಮನೆಯ ಬಾಗಿಲಿಗೆ ನಿಂತು ಇಪ್ಪತ್ತೊಂದು ಬಂಡಿ ಆಗುವುದನ್ನು ನೋಡಿದ್ದಳು. ಪಕ್ಕದ ಹಲಗೆಗಳು ಮಗಳ ಶಾಲೆಯ ಹಳೆಯ ಮರದ ಸ್ಕೇಲಿನಿಂದ ಕೊಯ್ದವು. ಹಿಂಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿರುತ್ತವೆ. ಗಾಲಿ ಸಿಕ್ಕಿಸುವ ಅಚ್ಚಿಗೆ ಹಲ್ಲುಕಡ್ಡಿ. ಗಾಲಿಗಳು ಬಣ್ಣದ ಕುಂಚಗಳ ಹಿಡಿಯಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದವು. ಎರಡು ದೊಡ್ಡವು, ಎರಡು ಚಿಕ್ಕವು.

ಆಕೆ ಕುಂಚವನ್ನು ಕೆಂಪಿನಲ್ಲಿ ಅದ್ದಿದಳು. ಬಣ್ಣ ಹೆಚ್ಚಾಯಿತೋ ಏನೋ ಎಂದು ತನಗೇ ತಿಳಿಯದಂತೆ ಹೆಬ್ಬೆರಳಿನ ಉಗುರಿಗೆ ಒಮ್ಮೆ ಒತ್ತಿ, ಆಮೇಲೆ ಮರಕ್ಕೆ ಮುಟ್ಟಿಸಿದಳು. ಹಿಂದೆ ನಿಂತಿದ್ದ ಮಗಳು ಅದನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡಳು.

ಬಂದವರು ಬಂದಂತೆ ಮಂಚದ ಬಳಿ ನಿಂತು, ಕೈ ಮುಗಿದು, ಆಮೇಲೆ ಮೆಲ್ಲಗೆ ಮೇಜಿನ ಕಡೆ ಸರಿಯುತ್ತಿದ್ದರು. ಅಳುವುದಕ್ಕೆಂದು ಬಂದ ದರ್ಜಿ, "ಅಮ್ಮಾ, ಆ ಮೂಲೆ ಬಿಟ್ಟೋಗಿದೆ ನೋಡಿ," ಎಂದ. ಅಂಚೆಯ ಮುದುಕ ತನ್ನ ಕನ್ನಡಕ ತೆಗೆದು ಕೊಟ್ಟ. ನಾದಿನಿ ಮಾತ್ರ ಮುಖ ಗಂಟಿಕ್ಕಿಕೊಂಡು ದೂರದಲ್ಲೇ ಇದ್ದಳು. ಕೊನೆಗೆ ತಡೆಯಲಾರದೆ ಅವಳೂ ಬಂದು, ಬಣ್ಣ ಬಳಿದು ಸಿದ್ಧವಾಗಿಟ್ಟಿದ್ದ ಕೊನೆಯ ಫಿರಂಗಿಯ ಕರಿಯ ನಳಿಗೆಯನ್ನು ಎತ್ತಿ ನೋಡಿದಳು. ತಿರುಗಿಸಿದಳು. ತುದಿಯಲ್ಲಿ ಪುಟ್ಟ ಅಂಕಿಯೊಂದು ಕೆತ್ತಿತ್ತು.

"ಅತ್ತಿಗೆ. ಇದು ನನ್ನ ಹೆಣಿಗೆ ಕಡ್ಡಿ. ಕಡ್ಡಿಯ ನಂಬರು ಹಾಗೇ ಇದೆ."

ಆಕೆ ದರ್ಜಿ ತೋರಿಸಿದ ಮೂಲೆಗೆ ಬಣ್ಣ ಬಳಿಯುತ್ತಲೇ ಇದ್ದಳು.

"ಹನ್ನೆರಡು ವರ್ಷದ ಹಿಂದೆ ಇಲ್ಲಿ ಬಂದಾಗ ಕಳೆದುಹೋಗಿದ್ದು! ಪಕ್ಕದ ಮನೆಯೋಳು ಕದ್ಲು ಅಂತ ಅವಳ ಹತ್ರ ಇವತ್ತಿಗೂ ಮಾತಾಡಲ್ಲ ನಾನು!"

ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತಿದ್ದಳು. "ಅದಕ್ಕಾ?" ಎಂದಳು. "ನಾನು ನಿಮಗೆ ಕಿವಿ ಮಂದ ಅಂದ್ಕೊಂಡಿದ್ದೆ."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ನಾದಿನಿ ಮಂಚದ ಕಡೆ ತಿರುಗಿ, "ಕಳ್ಳ! ಕೇಳಿದ್ರೆ ನನ್ನ ಜೊತೆ ಸೇರ್ಕೊಂಡು ಸೋಫಾ ಕೆಳಗೆಲ್ಲ ಹುಡುಕಿದ್ನಲ್ಲ!" ಎಂದಳು. ಬೈಯುತ್ತಲೇ ಸ್ಟೂಲು ಎಳೆದುಕೊಂಡು ಅತ್ತಿಗೆಯ ಪಕ್ಕ ಕೂತಳು. "ಕೊಡಿ ಇಲ್ಲಿ, ನಾನು ಹಿಡ್ಕೋತೀನಿ. ನೀವು ಬಳೀರಿ. ಹಿಡಿಯೋದೂ ಬಳಿಯೋದೂ ಒಬ್ರಿಂದ ಆಗಲ್ಲ."

*

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ, ಹಲ್ಲಣ್ಣ ಹೊರಗೆ ಹೋಗಿದ್ದಾಗ, ಆಕೆ ಹಡಗಿನ ಧೂಳು ಹೊಡೆಯಲು ಹೋದಳು. ಬಟ್ಟೆಯ ನೂಲು ಬಲಮಗ್ಗುಲಿನ ನಾಲ್ಕನೇ ಫಿರಂಗಿಗೆ ಸಿಕ್ಕಿಕೊಂಡಿತು. ಎಳೆದಳು. ಬಂಡಿ ಹಾರಿ ಬಿತ್ತು. ಮೂರು ಗಾಲಿ ಮೇಜಿನ ಕೆಳಗೆ ಸಿಕ್ಕವು. ನಾಲ್ಕನೆಯದು ಆಕೆಯ ಚಪ್ಪಲಿಯೊಳಗಿತ್ತು. ಹಲ್ಲಣ್ಣ ಬರುವಷ್ಟರಲ್ಲಿ ಅವನದೇ ಗೋಂದು ಹಚ್ಚಿ ಎಲ್ಲ ಅಂಟಿಸಿ, ಇದ್ದಲ್ಲೇ ಕೂರಿಸಿದಳು.

ತಪ್ಪಾಗಿದ್ದು ಮರುದಿನ ಕಂಡಿತು. ಹಡಗಿನ ನೆಲ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದೆ, ಅದಕ್ಕೇ ಬಂಡಿಯ ದೊಡ್ಡ ಗಾಲಿ ಮುಂದಿರಬೇಕು. ಆಕೆ ದೊಡ್ಡವನ್ನು ಹಿಂದಕ್ಕೆ ಅಂಟಿಸಿದ್ದಳು. ಉಳಿದ ಫಿರಂಗಿಗಳೆಲ್ಲ ನೆಟ್ಟಗೆ ದೂರ ನೋಡುತ್ತಿದ್ದರೆ ಅದೊಂದು ಮಾತ್ರ ಬೈಸಿಕೊಂಡವರ ಹಾಗೆ ತಲೆ ತಗ್ಗಿಸಿತ್ತು.

ಸಂಜೆ ಹಲ್ಲಣ್ಣ ಪರದೆ ಎತ್ತಿ ನೋಡಿದ. ಬಹಳ ಹೊತ್ತು ನೋಡಿದ. ಆಕೆ ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

"ಟೀ ಕೊಡ್ತೀಯೇನೇ?" ಎಂದನಷ್ಟೇ.

ಆ ವಾರ ಪೂರ್ತಿ ಕೋಣೆಯ ಬಾಗಿಲು ಹಾಕಿಕೊಂಡು, ಗುನುಗುತ್ತಾ ಏನೋ ಮಾಡುತ್ತಿದ್ದ. ಆಕೆ ಹೇಳಬೇಕೆಂದುಕೊಂಡಳು. ಇವತ್ತು ಬೇಡ, ನಾಳೆ ಎಂದುಕೊಂಡಳು. ಹಾಗೇ ಎಂಟು ವರ್ಷವಾಯಿತು.

*

ಮೂರು ಗಂಟೆಗೆ, ಹಲ್ಲಣ್ಣ ಕೆಲಸ ಮಾಡುತ್ತಿದ್ದ ದವಾಖಾನೆಯ ಡಾಕ್ಟರು ಬಂದರು. ಎಂಬತ್ತೈದು ದಾಟಿತ್ತು, ಕೋಲು ಊರುತ್ತಿದ್ದರು. ಮಂಚದ ಬಳಿ ಕೂತು ಹಲ್ಲಣ್ಣನ ಕೆಂಪು ಹೆಬ್ಬೆರಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡರು. ಆಮೇಲೆ ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದು ಮೇಜಿನ ಬಳಿ ಬಂದರು.

"ಯಾವ ಕಡೇದಮ್ಮ ಇದು?"

"ಗೋಡೆ ಕಡೇದು ಡಾಕ್ಟ್ರೇ. ಕಟ್ಟಕಡೇದು."

"ಹಾಗಾದ್ರೆ ಹಡಗು ತಿರುಗಿಸ್ಬೇಕಲ್ಲ."

ಪರದೆ ತೆಗೆದರು. ದರ್ಜಿಯೂ ಮಗಳೂ ಸೇರಿ ಮೇಜನ್ನು ಗೋಡೆಯಿಂದ ಈಚೆಗೆ ಎಳೆದು, ಹಡಗನ್ನು ಎತ್ತಿ ಮೆಲ್ಲಗೆ ತಿರುಗಿಸಿದರು. ಡಾಕ್ಟರು ಬಗ್ಗಿ, ಭೂತಗನ್ನಡಿಯನ್ನು ಈ ತುದಿಯಿಂದ ಆ ತುದಿಗೆ ಸರಿಸುತ್ತಾ ಹೋದರು. ಒಂದು ಕಡೆ ನಿಂತರು.

"ಇದ್ಯಾಕೆ ತಲೆ ತಗ್ಗಿಸಿದೆ? ನಾಲ್ಕನೇದು."

ಆಕೆ ಕುಂಚ ಕೆಳಗಿಟ್ಟಳು. "ಅದು... ನಾನು ಡಾಕ್ಟ್ರೇ. ಧೂಳು ಹೊಡೆಯೋವಾಗ..." ಎಂದವಳು ಅಲ್ಲೇ ತಡೆದಳು. ಅವರು ನೋಡುತ್ತಿದ್ದುದು ಇಷ್ಟು ದಿನ ಗೋಡೆಯ ಕಡೆಗಿದ್ದ ಎಡಮಗ್ಗುಲನ್ನು. ಆಕೆ ಒಡೆದದ್ದು ಬಲಮಗ್ಗುಲಿನದನ್ನು.

ಮೇಜನ್ನು ಸುತ್ತಿ ಬಂದು ನೋಡಿದಳು. ಬಲಮಗ್ಗುಲಿನ ನಾಲ್ಕನೆಯದು ತಲೆ ತಗ್ಗಿಸಿತ್ತು. ಮತ್ತೆ ಆಚೆ ಹೋದಳು. ಎಡಮಗ್ಗುಲಿನ ನಾಲ್ಕನೆಯದೂ ಅಷ್ಟೇ ತಗ್ಗಿಸಿತ್ತು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ದೊಡ್ಡ ಗಾಲಿ ಹಿಂದೆ, ಚಿಕ್ಕದು ಮುಂದೆ.

"ಎರಡೂ ಕಡೆ ಒಂದೇ ತರ ತಪ್ಪು ಮಾಡೋ ಕೈಯಲ್ಲವಲ್ಲ ಅವನದು," ಎಂದರು ಡಾಕ್ಟರು.

ಆಕೆ ಮಂಚದ ಕಡೆ ನೋಡಿದಳು. "ಎಂಟು ವರ್ಷ! ಎಂಟು ವರ್ಷ ನಾನು ಎದೇಲಿ ಕಲ್ಲಿಟ್ಕೊಂಡು ಓಡಾಡಿದ್ದೀನಿ. ಒಂದು ಮಾತು ಹೇಳೋಕೆ ಏನ್ರೀ ಆಗಿತ್ತು ನಿಮಗೆ?" ಎಂದು ಕೇಳಿದಳು. ಕೇಳುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ನಗುವೂ ಬಂತು. ಆಮೇಲೆ ಎಲ್ಲರೆದುರು ಕತೆಯನ್ನು ಮೊದಲಿನಿಂದ ಹೇಳಿದಳು. ಗಾಲಿ ಚಪ್ಪಲಿಯಲ್ಲಿ ಸಿಕ್ಕ ಜಾಗಕ್ಕೆ ಬಂದಾಗ ಅಂಚೆಯ ಮುದುಕ ಕೆಮ್ಮುವಷ್ಟು ನಕ್ಕ.

ಆಮೇಲಿನ ಕೆಲಸ ಸಲೀಸಾಗಿ ಹೋಯಿತು. ನಾದಿನಿ ಇಕ್ಕಳದಲ್ಲಿ ಬಂಡಿ ಹಿಡಿದಳು, ಆಕೆ ಗಾಲಿ ಅಂಟಿಸಿದಳು. "ಬೇಗ ಅತ್ತಿಗೆ, ಹತ್ತು ನಿಮಿಷ ಇದೆ." "ಸುಮ್ನಿರೇ, ಮಾತಾಡಿಸ್ಬೇಡ." ನಳಿಗೆ ಕೂತಿತು. ಬಂಡಿ ಹಡಗಿಗೆ ಅಂಟಿತು. ಇಪ್ಪತ್ತೆರಡು.

"ಬನ್ನಿ, ಎಲ್ಲಾರೂ ಬನ್ನಿ," ಎಂದು ಆಕೆ ಬೀದಿಯವರೆಗೆ ಕೇಳುವಂತೆ ಕರೆದಳು. ಹೊರಗೆ ನಿಂತವರೂ ಒಳಬಂದರು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಹಡಗಿನ ಸುತ್ತ ನಿಂತರು.

"ಅಮ್ಮಾ," ಎಂದಳು ಮಗಳು ಮೆಲ್ಲಗೆ. "ಹೊಸದು ಕೂಡ ನೆಲ ನೋಡ್ತಾ ಇದೆ."

ಹೌದು. ಅವಸರದಲ್ಲಿ ದೊಡ್ಡ ಗಾಲಿ ಮತ್ತೆ ಹಿಂದೆ ಹೋಗಿತ್ತು.

ಮೊದಲು ನಕ್ಕವಳು ನಾದಿನಿ. ಆಮೇಲೆ ಡಾಕ್ಟರು, ದರ್ಜಿ, ಪಕ್ಕದ ಮನೆಯವಳು, ಬಾಗಿಲಲ್ಲಿದ್ದವರು, ಮೆಟ್ಟಿಲ ಮೇಲಿದ್ದವರು. ಹಲ್ಲಣ್ಣ ಮಾಡಿಕೊಟ್ಟ ಹಲ್ಲುಗಳೆಲ್ಲ ಒಟ್ಟಿಗೆ ಬಾಯ್ತುಂಬ ಕಂಡವು. ಆಕೆಯೂ ನಕ್ಕಳು. ಎಡದ ಹಲ್ಲು ಒಂದಿಷ್ಟು ವಾಲಿತ್ತು, ಬಲದ್ದೂ ಅಷ್ಟೇ.

ಹೊರಗೆ ಗಾಡಿಯ ಹಾರನ್ನು ಕೇಳಿಸಿತು.

"ಕಿತ್ತು ಸರಿ ಮಾಡೋಕೆ ಟೈಮಿಲ್ವಲ್ಲ ಅತ್ತಿಗೆ," ಎಂದಳು ನಾದಿನಿ.

"ಅದನ್ನ್ಯಾಕೆ ಕೀಳೋದು?" ಎನ್ನುತ್ತಾ ಆಕೆ ಗಂಡನ ಸಣ್ಣ ಬ್ಲೇಡನ್ನು ತೆಗೆದುಕೊಂಡು ಹಡಗಿನ ಬಲಮಗ್ಗುಲಿಗೆ ಹೋದಳು. ಅಲ್ಲಿ, ಹೊಸದಕ್ಕೆ ಸರಿಯಾಗಿ ಎದುರಿದ್ದ ಹನ್ನೊಂದನೇ ಫಿರಂಗಿ ಇನ್ನೂ ನೆಟ್ಟಗೆ, ದೂರಕ್ಕೆ ನೋಡುತ್ತಿತ್ತು. ಬಂಡಿಯ ಅಡಿಗೆ ಬ್ಲೇಡು ತೂರಿಸಿ, ಉಗುರಿನಿಂದ ಮೆಲ್ಲಗೆ ಮೀಟಿ ಎಬ್ಬಿಸಿ, ಅಂಗೈಯೊಳಗೆ ಮುಚ್ಚಿಕೊಂಡಳು.

ನಾಲ್ಕು ಜನ ಮಂಚ ಎತ್ತಿದರು. ಮೆಟ್ಟಿಲಿಳಿಯುವಾಗ ನಾದಿನಿ ಅತ್ತಿಗೆಯ ತೋಳು ಹಿಡಿದಳು. ಆಕೆಯ ಹೆಬ್ಬೆರಳಿನ ಉಗುರಿನ ಮೇಲೆ ಕೆಂಪು ಬಣ್ಣ ಹಸಿಯಾಗಿಯೇ ಇತ್ತು. ನಾದಿನಿ ಸೆರಗಿನ ತುದಿಯನ್ನು ಅದರ ಹತ್ತಿರ ತಂದು, ಒರೆಸದೆ, ಹಾಗೇ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಾಡಿ ಹೊರಟಿತು. ಆಕೆ ಅದರ ಹಿಂದೆ, ಮುಷ್ಟಿಯೊಳಗೆ ನಾಲ್ಕು ಗಾಲಿಯ ಬಂಡಿಯನ್ನು ಬೆಚ್ಚಗೆ ಹಿಡಿದುಕೊಂಡು ನಡೆದಳು.