ಎರಡು ಗಂಟೆಯ ನಾಡಿ

ಅಥವಾ ನನ್ನ ಬೆರಳೇ ತಪ್ಪಿರಬಹುದು, ಗೋಡೆ ಗಡಿಯಾರ ನಿಧಾನವಿರಬಹುದು, ಇನ್ನೊಮ್ಮೆ ಎಣಿಸೋಣ, ನನ್ನದೇ ಎಡಗೈ ಮಣಿಕಟ್ಟು, ಹೆಬ್ಬೆರಳಿನ ಬುಡದಲ್ಲಿ ಮೂರು ಬೆರಳು, ಪೂರಾ ಒಂದು ನಿಮಿಷ — ಎಪ್ಪತ್ತೆಂಟು. ಮೂರು ಮಹಡಿ ಓಡಿ ಹತ್ತಿ ಬಂದವನಿಗೆ ಎಪ್ಪತ್ತೆಂಟು ಹೇಗೆ, ಉಸಿರು ಇನ್ನೂ ಎಳೆಯುತ್ತಿದೆ, ಶರ್ಟಿನ ಬೆನ್ನು ಒದ್ದೆ. ಹಳ್ಳಿಮೈಸೂರಿನ ಬಸ್ಸು ತಡವಾಗಿ ಹಾಸನ ತಲುಪಿತು, ಆದರೂ ನನ್ನ ಸರದಿ ಬಂದಿಲ್ಲ, ನೀಲಾಂಬಿಕೆ ಮೇಡಂ ಕೋಣೆಯಲ್ಲಿ ಕವನಾ ಇದ್ದಾಳೆ, ಅವಳಾದ ಮೇಲೆ ನಾನು. ನರ್ಸಿಂಗ್ ಮೂರನೇ ವರ್ಷದವರನ್ನು ಹತ್ತು ಹತ್ತು ಜನರಂತೆ ಒಬ್ಬೊಬ್ಬ ಮೇಡಂಗೆ ಹಂಚಿದ್ದಾರೆ, ತಿಂಗಳಿಗೊಮ್ಮೆ ಮೆಂಟರ್ ಮೀಟಿಂಗ್, ಮೊದಲ ದಿನವೇ ಮೇಡಂ ಹೇಳಿದ್ದರು, ಬರೋವಾಗ ಮೂರು ಪ್ರಶ್ನೆ ಬರ್ಕೊಂಡು ಬನ್ನಿ, ನೀವು ಹೇಳದೇ ಇರೋದಕ್ಕೆ ನಾನು ಏನೂ ಮಾಡೋಕಾಗಲ್ಲ. ಸೀನಿಯರ್ ಅರುಣ್‌ಕುಮಾರ್ ಹೇಳಿದ್ದು ಬೇರೆ, ಲೇ ಶಿವರಾಜು, ಇಂಗ್ಲಿಷ್ ಕಷ್ಟ ಅನ್ನು, ತಲೆ ಅಲ್ಲಾಡ್ಸು, ಸೈನ್ ಆಕುಸ್ಕಂಡು ಎದ್ದು ಬಾ, ಅಲ್ಲೇನು ನಿಂಗೆ ಎಣ್ಣು ಗೊತ್ತು ಮಾಡ್ತಾರಾ. ಮೆಂಟರ್ ಡೈರಿಯಲ್ಲಿ ತೊಂದರೆಗಳು ಎಂಬ ಕಾಲಂ ಇದೆ, ನಾವೆಲ್ಲ ವರ್ಷದ ಮೊದಲಲ್ಲೇ ಹನ್ನೆರಡು ತಿಂಗಳಿಗೂ ಸೇರಿಸಿ ಏನೂ ಇಲ್ಲ ಎಂದು ಬರೆದಿಟ್ಟಿದ್ದೇವೆ. ಜೇಬಿನ ಚೀಟಿಯಲ್ಲಿ ಮೂರು ಸಾಲು — ಚನ್ನರಾಯಪಟ್ಟಣದ ಪೋಸ್ಟಿಂಗ್ ಬದಲು ಸಾಲಗಾಮೆ ಸಿಗುತ್ತದಾ, ಸ್ಟಾಫ್ ನರ್ಸ್ ಪರೀಕ್ಷೆಗೆ ಯಾವಾಗಿನಿಂದ ಓದಬೇಕು, ಮೂರನೆಯದು ಪ್ರಶ್ನೆಯಲ್ಲ, ಬರೀ ಹೆಸರು, ಮಂಚಯ್ಯ.

ಅರಕಲಗೂಡು ಕಡೆಯವರು, ವಾರ್ಡಿನ ಹದಿನಾಲ್ಕನೇ ಹಾಸಿಗೆ, ಹೊಗೆಸೊಪ್ಪು ಮುರಿದೂ ಮುರಿದೂ ಅದರ ಅಂಟು ಅಂಗೈಯ ರೇಖೆಗಳೊಳಗೆ ಕಪ್ಪಾಗಿ ಕೂತಿತ್ತು, ಎಷ್ಟು ಸ್ಪಿರಿಟ್ ಹಾಕಿ ಒರೆಸಿದರೂ ಹೋಗದ ಕಪ್ಪು. ಮಧ್ಯಾಹ್ನ ಎರಡು ಗಂಟೆಯ ರೀಡಿಂಗ್ ನನ್ನ ಪಾಲು, ಹಾಸಿಗೆ ಹಾಸಿಗೆಗೂ ಹೋಗಿ ಜ್ವರ, ನಾಡಿ, ಉಸಿರು ನೋಡಬೇಕು, ಆತ ಮಗ್ಗುಲಾಗಿ ಮಲಗಿದ್ದರು, ಒಂದು ಕೈ ಹಾಸಿಗೆಯ ಅಂಚಿಗೆ ಬಂದಿತ್ತು, ಅಂಗೈ ಮೇಲಾಗಿ. ಕಾಲ ಬಳಿ ಕೂತಿದ್ದ ಹೆಂಡತಿ ಸಣ್ಣಕ್ಕ ತುಟಿಗೆ ಬೆರಳಿಟ್ಟಳು, ಆವಾಗ್ಲಿಂದ ನಿದ್ದೆ ಮಾಡ್ತಾವ್ರೆ ಕಣಪ್ಪ, ಎಬ್ಬಿಸ್ಬ್ಯಾಡ. ಮಲಗಿದವರದು ಬೆಳಿಗ್ಗೆಯ ಲೆಕ್ಕವನ್ನೇ ನೋಡಿ ಇಳಿಸು, ಅದು ನಮ್ಮಲ್ಲಿ ಸೀನಿಯರ್‌ಗಳಿಂದ ಬಂದ ಪದ್ಧತಿ, ಚಾರ್ಟಿನಲ್ಲಿ ಎಪ್ಪತ್ತೆಂಟು ಎಂದು ಬರೆದೆ. ಎಂಗೈತಪ್ಪ ಎಂದಳು. ಚೆನ್ನಾಗೈತೆ ಕಣವ್ವ, ನೀನು ಓಗಿ ಉಂಡ್ಕಂಡು ಬಾ ಅಂದೆ. ಹೋದಳು. ಎರಡೂಕಾಲಿಗೆ ಸಿಸ್ಟರ್ ಮುಟ್ಟಿದಾಗ ಮೈ ತಣ್ಣಗಿತ್ತು, ದವಡೆ ಬಿಗಿದಿತ್ತು, ಅಂದರೆ ಪ್ರಾಣ ಹೋಗಿ ಎಷ್ಟೋ ಹೊತ್ತಾಗಿತ್ತು, ಸಿಸ್ಟರ್ ಚಾರ್ಟು ನೋಡಿದರು, ನನ್ನನ್ನು ನೋಡಿದರು, ಏನೂ ಕೇಳದೆ ಸತ್ತ ಹೊತ್ತು ಎರಡೂಕಾಲು ಎಂದೇ ಬರೆದುಕೊಂಡರು. ತಿಥಿ ಕಳೆದ ಮೇಲೆ ಸಣ್ಣಕ್ಕ ಮರೆತುಹೋಗಿದ್ದ ಟಿಫಿನ್ ಡಬ್ಬಿಗಾಗಿ ವಾರ್ಡಿಗೆ ಬಂದಳು, ನನ್ನ ಕೈ ಹಿಡಿದುಕೊಂಡಳು, ಎಲ್ಡು ಗಂಟೇಲಿ ಜೀವ ಚೆನ್ನಾಗೇ ಇತ್ತು, ನೀನೇ ನೋಡ್ದಲ್ಲಪ್ಪ, ನಾನು ಉಣ್ಣಕ್ಕೆ ಓದ ಗಳ್ಗೇಲಿ ಓಗ್ಬುಡ್ತು, ನನ್ನ ಒಟ್ಟೆಗೆ ಬೆಂಕಿ ಬೀಳ, ಒಬ್ರೇ ಓಗಂಗೆ ಮಾಡ್ಬುಟ್ಟೆ. ಒಬ್ಬರೇ ಹೋಗಲಿಲ್ಲ ಕಣವ್ವ, ಆಗ ನೀನು ಕಾಲ ಬಳಿಯೇ ಕೂತಿದ್ದೆ — ನಾಲಿಗೆಯವರೆಗೆ ಬಂತು, ಅವಳ ಮಣಿಕಟ್ಟು ನನ್ನ ಬೆರಳ ಕೆಳಗಿತ್ತು, ಅವಳು ಅಳುತ್ತಿದ್ದಳು, ನಾನು ಎಣಿಸುತ್ತಿದ್ದೆ, ಎಪ್ಪತ್ತೆಂಟು.

ಅಂದಿನಿಂದ ಯಾರ ಕೈ ಹಿಡಿದರೂ ಅದೇ, ಜ್ವರದಲ್ಲಿ ಕುದಿಯುವ ಮಗುವಿಗೂ ಅದೇ, ಈಗ ನಾನು ಒಂದನ್ನೂ ನೋಡಿ ಇಳಿಸುವುದಿಲ್ಲ, ಪ್ರತಿಯೊಬ್ಬರದೂ ಪೂರ್ತಿ ನಿಮಿಷ ಎಣಿಸುತ್ತೇನೆ. ಮೊನ್ನೆ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಕಲಿಯಲೆಂದು ಮಲಗಿಸಿಟ್ಟ ರಬ್ಬರ್ ಗೊಂಬೆಯ ಮಣಿಕಟ್ಟಿಗೆ ಬೆರಳಿಟ್ಟೆ, ನನಗೇ ನಗು ಬಂತು, ಆಮೇಲೆ ಒಳಗಿನಿಂದ ಮೆಲ್ಲಗೆ ಒಂದು ಬಡಿತ, ಇನ್ನೊಂದು, ನಿಮಿಷ ಮುಗಿಯುವವರೆಗೆ ಬೆರಳು ತೆಗೆಯಲಾಗಲಿಲ್ಲ. ಕವನಾ ಹೊರಗೆ ಬಂದಳು, ಓಗೋ, ಮೇಡಂ ಇವತ್ತು ನಗ್ತಾವ್ರೆ, ಕೇಳೋದೆಲ್ಲ ಕೇಳ್ಬುಡು. ಒಳಗೆ ಮೇಜಿನ ಮೇಲೆ ನನ್ನ ಕೇಸ್ ಬುಕ್ ತೆರೆದಿದೆ, ಇದೇನಪ್ಪ ಶಿವರಾಜು, ಮೂರು ವಾರದಿಂದ ಎಲ್ಲರದೂ ಎಪ್ಪತ್ತೆಂಟು, ಪೇಷೆಂಟ್ ಹತ್ರ ಹೋಗ್ತೀಯಾ, ಇಲ್ಲಾ ಕ್ಯಾಂಟೀನಲ್ಲಿ ಕೂತು ಬರೀತೀಯಾ. ಎಣಿಸೇ ಬರೀತೀನಿ ಮೇಡಂ. ಸರಿ, ನಂದು ಎಣಿಸು, ನಂಗೆ ಥೈರಾಯ್ಡ್ ಇದೆ, ಯಾವತ್ತೂ ತೊಂಬತ್ತಕ್ಕೆ ಕಮ್ಮಿ ಬಂದಿಲ್ಲ. ಕೈ ಚಾಚಿದರು, ಮೇಜಿನ ಅಂಚಿಗೆ, ಅಂಗೈ ಮೇಲಾಗಿ. ಎಷ್ಟು. ಎಪ್ಪತ್ತೆಂಟು ಮೇಡಂ. ಅವರು ನಕ್ಕು, ತಾವೇ ಬೆರಳಿಟ್ಟು ವಾಚು ನೋಡಿದರು, ನಗು ಅರ್ಧಕ್ಕೆ ನಿಂತಿತು, ಇನ್ನೊಮ್ಮೆ ಎಣಿಸಿದರು, ಆ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ವಾರ್ಡಲ್ಲಿ ಏನಾದ್ರೂ ಆಯ್ತಾ, ಹೇಳು, ಯಾರ ಹತ್ರ ಹೋಗ್ಬೇಕಾದ್ರೂ ನಾನೇ ಜೊತೇಲಿ ಬರ್ತೀನಿ. ಇದನ್ನು ಕೇಳಲೆಂದೇ ಅಲ್ಲವೇ ನಾನು ಬಂದದ್ದು, ಚೀಟಿ ಬಿಚ್ಚಿದೆ, ಮೊದಲ ಸಾಲು ಓದಿದೆ, ಎರಡನೆಯದನ್ನೂ ಓದಿದೆ, ಅವರು ಉತ್ತರ ಕೊಟ್ಟರು, ಬರೆದುಕೊಂಡೆ, ಮೂರನೆಯದು ಏನಪ್ಪ ಎಂದರು, ಏನೂ ಇಲ್ಲ ಮೇಡಂ, ಡೈರಿಗೆ ಸಹಿ ಬಿತ್ತು, ಈಗ ಮೆಟ್ಟಿಲಿಳಿಯುತ್ತಿದ್ದೇನೆ, ಅರಕಲಗೂಡಿನ ಬಸ್ಸು ನಿಂತಿರುತ್ತದೆ, ಹತ್ತಿಬಿಟ್ಟರೆ ಸಂಜೆಯೊಳಗೆ ಸಣ್ಣಕ್ಕನ ಮನೆ, ಕೈಕಂಬಿ ಹಿಡಿದಿದ್ದೇನೆ, ಕಂಬಿಯೂ ಬೆರಳ ಕೆಳಗೆ ಬಡಿಯುತ್ತಿದೆ, ಹಾಸಿಗೆಯ ಅಂಚು, ಅಂಗೈ ಮೇಲಾಗಿ, ಕಪ್ಪು ರೇಖೆಗಳು — ಆ ಕೈ, ಆ ಕೈ. ಅದನ್ನು ನಾನು ಮುಟ್ಟಲೇ ಇಲ್ಲ ಎಂದು ಯಾರಿಗೂ ಹೇಳಲಿಲ್ಲ.